ಸತ್ತಿದೆ ಅಂದಿದ್ದ ಲ್ಯಾಪ್‌ಟಾಪ್

ಈ ಬರಹವನ್ನು ಟೈಪ್ ಮಾಡುತ್ತಿರುವ ಕೀಬೋರ್ಡ್ ಈ ಲ್ಯಾಪ್‌ಟಾಪಿನದ್ದಲ್ಲ. ಲ್ಯಾಪ್‌ಟಾಪ್ 2012ರ ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್230. ಕೀಬೋರ್ಡ್ ಅದಕ್ಕಿಂತ ಒಂದು ವರ್ಷ ಹಿರಿಯ ಎಕ್ಸ್220ರದ್ದು. ಜೋಡಿಸಿ ಎಂಟು ತಿಂಗಳಾಯಿತು. ಒಂದು ದಿನವೂ ಕೈಕೊಟ್ಟಿಲ್ಲ. ಬೆರಳು ಎಲ್ಲಿಗೆ ಹೋಗುತ್ತದೋ ಅಲ್ಲಿ ಕೀ ಇರುತ್ತದೆ. ಆದರೂ ರಾತ್ರಿ ಕೆಲಸ ಮುಗಿಸಿ ಮುಚ್ಚಳ ಮುಚ್ಚುವಾಗ ಕೆಲವು ಸಲ ಆ ಇನ್ನೊಂದು ಲ್ಯಾಪ್‌ಟಾಪ್ ನೆನಪಾಗುತ್ತದೆ. ಅದು ಸತ್ತಿದೆ ಅಂತ ಹೇಳಿ ನನಗೆ ಮಾರಿದ್ದರು. ಸತ್ತಿರಲಿಲ್ಲ. ಅದು ನನಗೆ ಗೊತ್ತಾದದ್ದು ಕೀಬೋರ್ಡ್ ತೆಗೆಯುವುದಕ್ಕೆ ಮುಂಚೆ. ಗೊತ್ತಾದ ಮೇಲೂ ತೆಗೆದೆ. ಅವತ್ತಿನಿಂದ ಈ ವಿಷಯ ಮನಸ್ಸಿನಲ್ಲಿ ಕೂತಿದೆ. ಬರೆದರೆ ಸ್ವಲ್ಪ ಸ್ಪಷ್ಟವಾಗಬಹುದು ಅನ್ನಿಸಿತು.

ಮೊದಲು ಬೆರಳಿನ ಕಥೆ ಹೇಳಬೇಕು. ಕರಡು ತಿದ್ದುವುದು ನನ್ನ ಕೆಲಸ. ಬೇರೆಯವರು ಬರೆದ ಕನ್ನಡವನ್ನು ದಿನಕ್ಕೆ ಏಳೆಂಟು ಗಂಟೆ ಓದಿ ಸರಿ ಮಾಡುತ್ತೇನೆ. ಬರೆಯುವವರಿಗೆ ಅಕ್ಷರದ ಕೀಗಳು ಮುಖ್ಯ. ತಿದ್ದುವವರಿಗೆ ಡಿಲೀಟ್, ಹೋಮ್, ಎಂಡ್ ಮುಖ್ಯ. ಅದರಲ್ಲೂ ಕನ್ನಡದಲ್ಲಿ ಡಿಲೀಟ್ ಕೀಗೆ ಇರುವ ಬೆಲೆ ಇಂಗ್ಲಿಷಿನಲ್ಲಿ ಇಲ್ಲ. 'ಸ್ತ್ರೀ' ಅನ್ನುವ ಒಂದೇ ಅಕ್ಷರವನ್ನು ನೋಡಿ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಆರು ತುಂಡು: ಸ, ಒಂದು ಹಲಂತ, ತ, ಇನ್ನೊಂದು ಹಲಂತ, ರ, ಕೊನೆಗೆ ದೀರ್ಘದ ಗುಣಿತ ಚಿಹ್ನೆ. ನಾನು ಬಳಸುವ ಎಡಿಟರಿನಲ್ಲಿ ಹಿಂದಿನಿಂದ ಬ್ಯಾಕ್‌ಸ್ಪೇಸ್ ಒತ್ತುತ್ತಾ ಬಂದರೆ ಈ ಆರೂ ಒಂದೊಂದಾಗಿ ಉದುರುತ್ತವೆ. ಮಧ್ಯದಲ್ಲಿ ನಿಲ್ಲಿಸಿದರೆ ಅರ್ಧ ಮುರಿದ ಅಕ್ಷರ ಪರದೆಯ ಮೇಲೆ ಉಳಿಯುತ್ತದೆ. 'ಕೋ' ಅಂತ ಇದ್ದಾಗ ಬ್ಯಾಕ್‌ಸ್ಪೇಸ್ ಒತ್ತಿದರೆ ಗುಣಿತ ಮಾತ್ರ ಹೋಗಿ 'ಕ' ಉಳಿಯುತ್ತದೆ. ಮುಂದೆ ನಿಂತು ಡಿಲೀಟ್ ಒತ್ತಿದರೆ ಇಡೀ 'ಕೋ' ಹೋಗುತ್ತದೆ. ಒಂದು ಬೇಕಾಗುವ ಕಡೆ ಇನ್ನೊಂದು ಒದಗುವುದಿಲ್ಲ. ಹಾಗಾಗಿ ಕನ್ನಡ ತಿದ್ದುವವರ ಬಲಗೈ ಕಿರುಬೆರಳು ಇಡೀ ದಿನ ಬ್ಯಾಕ್‌ಸ್ಪೇಸಿಗೂ ಡಿಲೀಟಿಗೂ ಓಡಾಡುತ್ತಿರುತ್ತದೆ.

2015ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ನನ್ನ ಮೊದಲ ಥಿಂಕ್‌ಪ್ಯಾಡ್ ಎಕ್ಸ್220. ಅದರಲ್ಲಿ ಏಳು ಸಾಲಿನ ಕೀಬೋರ್ಡ್. ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್ ನಾಲ್ಕೂ ಬಲಗಡೆ ಮೇಲೆ ಒಂದೇ ಗುಂಪಾಗಿ ಇರುತ್ತವೆ. ಪಕ್ಕದಲ್ಲೇ ಎರಡು ಕೀಯಷ್ಟು ಎತ್ತರದ ಡಿಲೀಟ್. ನೋಡದೇ ಕೈ ಚಾಚಿದರೂ ಸಿಗುತ್ತದೆ. ಆರು ವರ್ಷ ಅದರಲ್ಲೇ ಕೆಲಸ ಮಾಡಿದೆ. 2021ರಲ್ಲಿ ಇನ್ನಷ್ಟು ವೇಗ ಬೇಕು ಅಂತ ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಎಕ್ಸ್230 ತಂದೆ. ಹೊರಗಿನಿಂದ ಎರಡೂ ಅಣ್ಣ ತಮ್ಮನ ಹಾಗೆ. ಅದೇ 12.5 ಇಂಚಿನ ಪರದೆ, ಅದೇ ಕಪ್ಪು ಮೈ, ಕೀಗಳ ನಡುವೆ ಮೌಸಿನ ಕೆಲಸ ಮಾಡುವ ಅದೇ ಕೆಂಪು ಗುಂಡಿ. ಕೀಬೋರ್ಡ್ ಮಾತ್ರ ಬೇರೆ. ಆರೇ ಸಾಲು. ಡಿಲೀಟ್ ಬಲತುದಿಯ ಮೂಲೆಯಲ್ಲಿ ಸಣ್ಣದಾಗಿ ಕೂತಿದೆ. ಪೇಜ್ ಅಪ್, ಪೇಜ್ ಡೌನ್ ಕೆಳಗಿಳಿದು ಮೇಲ್ಬಾಣದ ಎರಡೂ ಪಕ್ಕ ಬಂದು ನಿಂತಿವೆ. ಒಂದು ಸಾಲು ಮೇಲೆ ಹೋಗೋಣ ಅಂತ ಒತ್ತಿದರೆ ಪುಟವೇ ಹಾರಿಹೋಗುತ್ತದೆ. ಎಲ್ಲಿ ತಿದ್ದುತ್ತಿದ್ದೆ ಅಂತ ಮತ್ತೆ ಹುಡುಕಬೇಕು. ಒಂದು ತಿಂಗಳಲ್ಲಿ ಅಭ್ಯಾಸ ಆಗುತ್ತದೆ ಅಂದುಕೊಂಡೆ. ವರ್ಷಗಳು ಕಳೆದರೂ ಆಗಲಿಲ್ಲ. ತಲೆಗೆ ಹೊಸ ಜಾಗ ಗೊತ್ತಿತ್ತು. ಬೆರಳು ಹಳೆಯ ಜಾಗಕ್ಕೇ ಹೋಗುತ್ತಿತ್ತು.

2017ರಲ್ಲಿ ಥಿಂಕ್‌ಪ್ಯಾಡಿಗೆ 25 ವರ್ಷ ತುಂಬಿದಾಗ ಲೆನೊವೊ ಏಳು ಸಾಲಿನ ಕೀಬೋರ್ಡ್ ಇರುವ ಒಂದು ವಿಶೇಷ ಮಾದರಿ ಹೊರತಂದಿತ್ತು. ಸೀಮಿತ ಸಂಖ್ಯೆಯಲ್ಲಿ ಮಾರಿ ನಿಲ್ಲಿಸಿಬಿಟ್ಟಿತು. ನನ್ನಂಥವರಿಗೆ ಉಳಿದಿದ್ದು ಒಂದೇ ದಾರಿ. ಎಕ್ಸ್220ರ ಕೀಬೋರ್ಡ್ ಎಕ್ಸ್230ಕ್ಕೆ ಕೂರುತ್ತದೆ. ಸುಮ್ನೆ ಕೂರುವುದಿಲ್ಲ, ಕೂರಿಸಬೇಕು. ಆದರೆ ಕೂರುತ್ತದೆ. ಪ್ರಪಂಚದಲ್ಲಿ ಬಹಳ ಜನ ಇದನ್ನು ಮಾಡಿದ್ದಾರೆ.

ಎಸ್.ಪಿ. ರಸ್ತೆಯ ಮೊದಲ ಮಹಡಿ

ಮಳೆ ಬಿಟ್ಟಿದ್ದ ಒಂದು ಶನಿವಾರ ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ಎಸ್.ಪಿ. ರಸ್ತೆಗೆ ನಡೆದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಚ್ಚುವ ಅಭ್ಯಾಸ ಇರುವವರಿಗೆ ಆ ರಸ್ತೆಯ ಬಗ್ಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ಒಬ್ಬರು ಇನ್ನೊಬ್ಬರ ಹತ್ತಿರ ಕಳಿಸಿದರು, ಅವರು ಮೇಲಿನ ಮಹಡಿಗೆ ಕಳಿಸಿದರು. ಎದುರಿನಿಂದ ಯಾರಾದರೂ ಬಂದರೆ ಗೋಡೆಗೆ ಒರಗಬೇಕಾದಷ್ಟು ಕಿರಿದಾದ ಮೆಟ್ಟಿಲು. ಮೇಲೆ ಒಂದು ಕೋಣೆ. ಗೋಡೆಯುದ್ದಕ್ಕೂ ಲ್ಯಾಪ್‌ಟಾಪ್‌ಗಳನ್ನು ಹಂಚಿನ ಹಾಗೆ ಪೇರಿಸಿದ್ದರು. ಬಹಳಷ್ಟರ ಬೆನ್ನಿಗೆ ಯಾವುದೋ ಕಂಪನಿಯ ಆಸ್ತಿ ಸಂಖ್ಯೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಕಿಟಕಿ ಹತ್ತಿರ ನೆಲದ ಮೇಲೆ ಕೂತು ಒಬ್ಬ ಹುಡುಗ ಬಿಚ್ಚುತ್ತಿದ್ದ. ಸ್ಕ್ರೂಡ್ರೈವರ್ ತಿರುಗಿಸುತ್ತಿದ್ದ ಕೈ ನಿಲ್ಲುತ್ತಲೇ ಇರಲಿಲ್ಲ. ಪರದೆಗಳು ಒಂದು ಕಡೆ, ರ‍್ಯಾಮ್ ತುಂಡುಗಳು ಪ್ಲಾಸ್ಟಿಕ್ ಡಬ್ಬದಲ್ಲಿ, ಕೀಬೋರ್ಡ್‌ಗಳು ಹತ್ತು ಹತ್ತರ ಕಟ್ಟು.

ಏಳು ಸಾಲಿನದ್ದು ಬೇಕು ಅಂದೆ. ಮಾಲೀಕರಿಗೆ ತಕ್ಷಣ ಅರ್ಥವಾಯಿತು. ಕಟ್ಟಿನಲ್ಲಿದ್ದ ಒಂದೆರಡು ತೋರಿಸಿದರು. ಒಂದರಲ್ಲಿ ಕೀಗಳು ಕಿತ್ತುಹೋಗಿದ್ದವು, ಇನ್ನೊಂದರಲ್ಲಿ ಚಹಾ ಚೆಲ್ಲಿದ ಕಲೆ. ಆಮೇಲೆ ಅವರೇ ಪೇರಿಕೆಯ ನಡುವಿನಿಂದ ಒಂದು ಇಡೀ ಎಕ್ಸ್220 ಎಳೆದು ಮುಂದಿಟ್ಟರು. "ಡೆಡ್ ಸಾರ್ ಇದು. ಬೋರ್ಡ್ ಹೋಗಿದೆ. ಕೀಬೋರ್ಡ್ ಫಸ್ಟ್ ಕ್ಲಾಸ್ ಇದೆ. ಪಾರ್ಟ್ಸಿಗೆ ಅಂತ ತಗೊಂಡು ಹೋಗಿ." ಬ್ಯಾಟರಿ ಇರಲಿಲ್ಲ, ಹಾರ್ಡ್ ಡಿಸ್ಕ್ ಇರಲಿಲ್ಲ. ಮುಚ್ಚಳ ತೆರೆದು ಕೀಗಳ ಮೇಲೆ ಬೆರಳಾಡಿಸಿದೆ. ನಾಲ್ಕು ವರ್ಷದ ಮೇಲೆ ಕಿರುಬೆರಳಿಗೆ ಆ ಎತ್ತರದ ಡಿಲೀಟ್ ತಾಗಿತು. 1,800 ರೂಪಾಯಿ ಕೊಟ್ಟು ಬಂದೆ. ಅವರು ಸುಳ್ಳು ಹೇಳಿದರು ಅಂತ ನಾನು ಇವತ್ತಿಗೂ ಅಂದುಕೊಂಡಿಲ್ಲ. ದಿನಕ್ಕೆ ಅಷ್ಟೊಂದು ಬಂದು ಬೀಳುವ ಕಡೆ ಒಂದು ಸಲ ಗುಂಡಿ ಒತ್ತಿ ನೋಡುತ್ತಾರೆ. ಪರದೆ ಬರಲಿಲ್ಲ ಅಂದರೆ ಅದು ಸತ್ತವುಗಳ ಸಾಲಿಗೆ ಹೋಗುತ್ತದೆ. ಒಂದೊಂದಕ್ಕೂ ಅರ್ಧ ದಿನ ಕೊಟ್ಟು ಕೂರುವುದು ಅವರಿಗೆ ಕಟ್ಟಿಬರುವ ವ್ಯಾಪಾರ ಅಲ್ಲ.

ರಬ್ಬರ್

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಕೂತೆ. ಸ್ಕ್ರೂ ಕಳೆಯಬಾರದು ಅಂತ ಇಡ್ಲಿ ತಟ್ಟೆ ತಂದಿಟ್ಟುಕೊಂಡೆ. ಒಂದು ಗುಳಿಗೆ ಒಂದು ಜಾತಿಯ ಸ್ಕ್ರೂ. ಈ ಕಾಲದ ಥಿಂಕ್‌ಪ್ಯಾಡ್‌ಗಳ ಬೆನ್ನು ತಿರುಗಿಸಿ ನೋಡಿದರೆ ಕೀಬೋರ್ಡ್ ಹಿಡಿದಿರುವ ಸ್ಕ್ರೂಗಳ ಪಕ್ಕ ಒಂದು ಪುಟ್ಟ ಕೀಬೋರ್ಡಿನ ಚಿತ್ರ ಇರುತ್ತದೆ. ಯಾವುದನ್ನು ಬಿಚ್ಚಬೇಕು ಅಂತ ಮಾಡಿದವರೇ ಹೇಳಿಟ್ಟಿದ್ದಾರೆ. ರಿಪೇರಿ ಕೈಪಿಡಿಯನ್ನೂ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಕಂಪನಿಯೇ ಇಟ್ಟಿದೆ. ಅಂಟು ಹಾಕಿ ಮುಚ್ಚಿದ ಈಗಿನ ತೆಳ್ಳನೆ ಯಂತ್ರಗಳನ್ನು ನೋಡಿದವರಿಗೆ ಆ ಪುಟ್ಟ ಚಿತ್ರದ ಬೆಲೆ ಗೊತ್ತಾಗುತ್ತದೆ.

ಕೀಬೋರ್ಡಿಗೆ ಕೈ ಹಾಕುವ ಮುಂಚೆ ರ‍್ಯಾಮ್ ಇದೆಯಾ ನೋಡೋಣ ಅಂತ ಕೆಳಗಿನ ಬಾಗಿಲು ತೆಗೆದೆ. 4 ಜಿಬಿಯ ಒಂದು ಡಿಡಿಆರ್3 ತುಂಡು ಇತ್ತು. ನನ್ನ ಎಕ್ಸ್230ಕ್ಕೂ ಆಗುವಂಥದ್ದು. ಹೊರತೆಗೆದರೆ ಅದರ ಚಿನ್ನದ ಬಣ್ಣದ ಹಲ್ಲುಗಳು ಮಾಸಿ ಕಂದಾಗಿದ್ದವು. ಕಂಪ್ಯೂಟರ್ ಕಲಿಯುವ ಕಾಲದಲ್ಲಿ ರಿಪೇರಿ ಮಾಡುವ ಎಲ್ಲರೂ ಹೇಳುತ್ತಿದ್ದ ಮಾತು ನೆನಪಾಯಿತು. ಪರದೆ ಬರಲಿಲ್ಲ ಅಂದರೆ ಮೊದಲು ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜು. ಮಗಳ ಜಾಮೆಟ್ರಿ ಬಾಕ್ಸಿನಿಂದ ರಬ್ಬರ್ ತಂದೆ. ಮೆಲ್ಲಗೆ ಎರಡೂ ಕಡೆ ಉಜ್ಜಿದೆ. ಕಪ್ಪು ರಬ್ಬರಿಗೆ ಬಂತು, ಹಲ್ಲು ಹೊಳೆಯಿತು. ಪುಡಿ ಊದಿ, ಈ ಸಲ ಪಕ್ಕದ ಸ್ಲಾಟಿಗೆ ಸೇರಿಸಿದೆ. ಎರಡೂ ಲ್ಯಾಪ್‌ಟಾಪಿಗೆ ಒಂದೇ ದುಂಡು ಪಿನ್ನಿನ 20 ವೋಲ್ಟ್ ಚಾರ್ಜರ್ ಆಗುತ್ತದೆ. ನನ್ನದನ್ನೇ ಚುಚ್ಚಿ ಗುಂಡಿ ಒತ್ತಿದೆ.

ಫ್ಯಾನ್ ಸದ್ದು ಬಂತು. ಮೂರ್ನಾಲ್ಕು ಸೆಕೆಂಡ್ ಕಪ್ಪು. ಆಮೇಲೆ ಥಿಂಕ್‌ಪ್ಯಾಡ್ ಅನ್ನುವ ಅಕ್ಷರ ಪರದೆಯ ನಡುವೆ ಬೆಳಗಿತು. ಬೀಪ್ ಸದ್ದು, ಅದರ ಹಿಂದೆಯೇ ಒಂದು ಸಾಲು: 0271, ದಿನಾಂಕ ಮತ್ತು ಸಮಯವನ್ನು ಪರಿಶೀಲಿಸಿ. ಒಳಗಿನ ಸಣ್ಣ ಬಿಲ್ಲೆ ಬ್ಯಾಟರಿ ಮುಗಿದಿದ್ದರಿಂದ ಅದಕ್ಕೆ ಇವತ್ತು ಯಾವ ದಿನ ಅನ್ನುವುದು ಗೊತ್ತಿರಲಿಲ್ಲ. ಬೇರೆ ಏನೂ ಕೆಟ್ಟಿರಲಿಲ್ಲ. ಸೆಟಪ್ ಪುಟಕ್ಕೆ ಹೋಗಿ ನೋಡಿದೆ. ಪ್ರೊಸೆಸರ್ ಸರಿ, ರ‍್ಯಾಮ್ ಸರಿ. ಪರದೆಯನ್ನು ಹಿಂದೆ ಬಾಗಿಸಿದೆ. ಬಣ್ಣ ಕದಡಲಿಲ್ಲ, ಯಾವ ಕೋನದಿಂದಲೂ ಅಕ್ಷರ ಹಾಗೇ ನಿಂತಿತ್ತು. ಅಂದರೆ ಐಪಿಎಸ್ ಪರದೆ. ನನ್ನ ಎಕ್ಸ್230ರಲ್ಲಿ ಇರುವ ಅಗ್ಗದ ಪರದೆಗಿಂತ ಎಷ್ಟೋ ಚೆಂದದ್ದು. ಅದೂ ನನ್ನದಕ್ಕೆ ಆಗುತ್ತದೆ, ಕನೆಕ್ಟರ್ ಒಂದೇ. ಆ ಕ್ಷಣ ನನಗೆ ಬಂದ ಮೊದಲ ಯೋಚನೆ ಅದೇ, ಪರದೆಯೂ ಬೇಕು ಅಂತ. ಸತ್ತಿದೆ ಅಂದಿದ್ದ ವಸ್ತು ಕಣ್ಣು ಬಿಟ್ಟು ಇವತ್ತು ಎಷ್ಟನೇ ತಾರೀಖು ಅಂತ ಕೇಳುತ್ತಿದೆ, ನಾನು ಅದರ ಪರದೆ ನೋಡಿ ಲೆಕ್ಕ ಹಾಕುತ್ತಿದ್ದೇನೆ. ಎರಡನೇ ಯೋಚನೆ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಬಂದ ಮೇಲೆ ಚಾರ್ಜರ್ ತೆಗೆದು, ಬಾಗಿಲು ಮುಚ್ಚಿ, ಸ್ಕ್ರೂಗಳನ್ನು ಇಡ್ಲಿ ತಟ್ಟೆಯಿಂದ ವಾಪಸ್ ಹಾಕಿ, ಅದನ್ನು ಕಪಾಟಿನ ಮೇಲಿಟ್ಟೆ.

ಹನ್ನೊಂದು ದಿನ ಅಲ್ಲೇ ಇತ್ತು.

ಆ ಹನ್ನೊಂದು ದಿನ ನಾನು ಜಾಸ್ತಿ ಯೋಚಿಸಿದ್ದು, ಯಂತ್ರ ಸತ್ತಿದೆ ಅಂತ ತೀರ್ಮಾನ ಮಾಡುವವರು ಯಾರು ಅನ್ನುವುದನ್ನು. ಅಂಗಡಿಯವರು ಒಂದು ಸಲ ಹೇಳಿದರು. ಅದಕ್ಕೂ ಮುಂಚೆ ಅದನ್ನು ಕೊಂಡ ಕಂಪನಿ ಹೇಳಿತ್ತು. 2013ರ ಕಂಪನಿ ಕಾಯ್ದೆಯ ಎರಡನೇ ಶೆಡ್ಯೂಲಿನಲ್ಲಿ ಯಾವ ಆಸ್ತಿಗೆ ಎಷ್ಟು ಆಯುಷ್ಯ ಅಂತ ಪಟ್ಟಿ ಇದೆ. ಸರ್ವರಿಗೆ 6 ವರ್ಷ, ಲ್ಯಾಪ್‌ಟಾಪಿಗೆ 3 ವರ್ಷ. ಅಷ್ಟು ದಾಟಿತು ಅಂದರೆ ಪುಸ್ತಕದಲ್ಲಿ ಅದರ ಬೆಲೆ ಹೆಚ್ಚುಕಡಿಮೆ ಸೊನ್ನೆ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಇಷ್ಟು ಸುಲಭವಾಗಿ ಸಿಗುವುದು ಕಂಪನಿಗಳು ಇವನ್ನು ಕೆಲವೇ ವರ್ಷ ಬಳಸಿ ನೂರುಗಟ್ಟಲೆ ಹೊರಹಾಕುವುದರಿಂದ. ಇನ್ನೊಂದು ಮರಣ ಪತ್ರ ಮೈಕ್ರೋಸಾಫ್ಟ್ ಕೊಟ್ಟಿದ್ದು. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಬೇಕು. ಎಕ್ಸ್220 ಎರಡನೇ ತಲೆಮಾರಿನದ್ದು, ನನ್ನದು ಮೂರನೆಯದು. ಎರಡರಲ್ಲೂ ಲಿನಕ್ಸ್ ಚೆನ್ನಾಗಿ ಓಡುತ್ತದೆ, ಕನ್ನಡ ಟೈಪಿಂಗ್ ಒಂದು ಸೆಟಿಂಗ್ ಬದಲಿಸಿದರೆ ಬರುತ್ತದೆ. ಆದರೆ ಬಹಳ ಜನಕ್ಕೆ ಅಕ್ಟೋಬರ್ 14 ಅಂದರೆ ಹಳೆಯದನ್ನು ಎಸೆಯುವ ದಿನ ಅಂತಲೇ ಅನ್ನಿಸಿತು. ಈ ಮೂರು ತೀರ್ಮಾನದಲ್ಲಿ ಒಂದರಲ್ಲೂ ಯಾರೂ ಬಾಗಿಲು ತೆಗೆದು ರ‍್ಯಾಮಿನ ಹಲ್ಲು ನೋಡಿರಲಿಲ್ಲ.

ಎಸ್.ಪಿ. ರಸ್ತೆಯ ಆ ಹುಡುಗನನ್ನು ನಾನು ಈ ಸಾಲಿಗೆ ಸೇರಿಸಲಾರೆ. 2005ರಲ್ಲಿ ದಾಬಸ್‌ಪೇಟೆಯಲ್ಲಿ ಇ-ಪರಿಸರ ಅನ್ನುವ ಘಟಕ ಶುರುವಾಯಿತು. ಅಧಿಕೃತವಾಗಿ ಇ-ತ್ಯಾಜ್ಯ ಸಂಸ್ಕರಿಸುವುದರಲ್ಲಿ ದೇಶಕ್ಕೇ ಮೊದಲನೆಯದು. ಅಂಥ ಘಟಕಗಳು ಬೇಕೇ ಬೇಕು. ವಿಷದ ವಸ್ತುಗಳು ಮಣ್ಣಿಗೆ ಹೋಗದ ಹಾಗೆ ನೋಡಿಕೊಂಡು ಲೋಹ ವಾಪಸ್ ತೆಗೆಯುತ್ತವೆ. ಆದರೆ ಅಲ್ಲಿಗೆ ಹೋದ ಬೋರ್ಡ್ ತಾಮ್ರ ಆಗುತ್ತದೆ, ಬೋರ್ಡಾಗಿ ಉಳಿಯುವುದಿಲ್ಲ. ಕಿಟಕಿ ಹತ್ತಿರ ಕೂತ ಹುಡುಗ ಕೀಬೋರ್ಡನ್ನು ಕೀಬೋರ್ಡಾಗಿಯೇ ಉಳಿಸುತ್ತಾನೆ. ಅವನಂಥವರು ಇರುವುದರಿಂದಲೇ ನನ್ನ ಕೆಲಸ ನಡೆಯುತ್ತಿದೆ.

ಮರಕ್ಕೆ ಗೊತ್ತಾಗಬಾರದು

ಒಂದು ಯಂತ್ರದ ಭಾಗ ಇನ್ನೊಂದಕ್ಕೆ ಹಾಕಿ ಮಾಡಿದ ಥಿಂಕ್‌ಪ್ಯಾಡಿಗೆ ಇಂಗ್ಲಿಷಿನಲ್ಲಿ 'ಫ್ರಾಂಕನ್‌ಪ್ಯಾಡ್' ಅನ್ನುತ್ತಾರೆ. ನನಗೆ ಆ ಹೆಸರು ಹಿಡಿಸಲಿಲ್ಲ. ಹೆಣಗಳ ತುಂಡು ಜೋಡಿಸಿ ಜೀವ ಕೊಡುವ ಫ್ರಾಂಕೆನ್‌ಸ್ಟೈನ್ ಕಥೆಯಿಂದ ಬಂದ ಹೆಸರು, ಅದರಲ್ಲಿ ಒಂದು ಭೂತದ ವಾಸನೆ ಇದೆ. ನಮ್ಮಲ್ಲಿ ಇದಕ್ಕೆ ಮೊದಲಿನಿಂದಲೂ ಒಳ್ಳೆಯ ಮಾತಿದೆ, ಕಸಿ. ಮಾವಿಗೂ ಅದೇ ಮಾತು, ಕಿಡ್ನಿಗೂ ಅದೇ ಮಾತು.

ಕಸಿ ಅಂದರೆ ನನಗೆ ನೆನಪಾಗುವುದು ದೊಡ್ಡಪ್ಪ. ನಮ್ಮದು ಸಾಗರದ ಕಡೆ. ಅಲ್ಲಿ ಉಪ್ಪಿನಕಾಯಿಗೆ ಅಪ್ಪೆಮಿಡಿ ಬೇಕು, ಮತ್ತೆ ಬೇರೆ ಮಾವಿನ ಮಿಡಿ ಆಗುವುದಿಲ್ಲ. ಒಳ್ಳೆ ಪರಿಮಳದ ಅಪ್ಪೆ ಮರಗಳು ಹೊಳೆ ದಂಡೆಯಲ್ಲಿ ತಾವಾಗಿಯೇ ಬೆಳೆದು ನಿಂತಿರುತ್ತವೆ. ಗೊರಟು ನೆಟ್ಟರೆ ತಾಯಿ ಮರದ ಗುಣ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ಕಸಿ. ನನಗಾಗ ಹತ್ತು ವರ್ಷ ಇರಬಹುದು. ಮಳೆಗಾಲ ಶುರುವಾಗಿತ್ತು. ದೊಡ್ಡಪ್ಪ ಹೊಳೆ ದಂಡೆಯ ಒಂದು ಮರಕ್ಕೆ ಕರೆದುಕೊಂಡು ಹೋದರು. ಹತ್ತಿದ್ದು ಆಳು, ಕೆಳಗೆ ನಿಂತು ಯಾವ ಕುಡಿ ಅಂತ ತೋರಿಸಿದ್ದು ದೊಡ್ಡಪ್ಪ. ಒಂದೊಂದು ಕೊಂಬೆಯಿಂದ ಒಂದೇ ಕುಡಿ. ಒಂದೇ ಕೊಂಬೆಯಲ್ಲಿ ನಾಲ್ಕು ಚೆನ್ನಾಗಿವೆ, ಅಲ್ಲೇ ತೆಗೆಯಬಹುದಲ್ಲ ಅಂತ ನಾನು ಕೇಳಿದೆ. "ಮರಕ್ಕೆ ಗೊತ್ತಾಗಬಾರದು" ಅಂದರು. ಕುಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಪಟ್ಟೆ ಸುತ್ತಿ ಮನೆಗೆ ತಂದರು. ಜಗಲಿಯಲ್ಲಿ ಕೂತು ಕಾಟು ಮಾವಿನ ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಕುಡಿಯ ಬುಡವನ್ನು ಎರಡೂ ಕಡೆ ಹೆರೆದು ಬೆಣೆಯ ಹಾಗೆ ಮಾಡಿ ಸೀಳಿಗೆ ಇಳಿಸಿದರು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿದರು. ಮೇಲಿಂದ ಐಸ್‌ಕ್ಯಾಂಡಿಯ ಉದ್ದ ಕವರ್ ತೊಡಿಸಿ ಕಟ್ಟಿದರು, ಒಳಗೆ ತೇವ ಉಳಿಯಲಿ ಅಂತ. ಉಸಿರು ಹಿಡಿದುಕೊಂಡು ಮಾಡುವ ಕೆಲಸ. ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ.

ಕಪಾಟಿನ ಮೇಲಿನ ಎಕ್ಸ್220 ನೋಡಿದಾಗಲೆಲ್ಲ ನನ್ನನ್ನು ಕೊರೆದದ್ದು ಇದೇ ಮಾತು. ಕುಡಿ ಕೊಟ್ಟ ಮರ ಮುಂದಿನ ವರ್ಷ ಅದೇ ಜಾಗದಲ್ಲಿ ಚಿಗುರುತ್ತದೆ. ಕೀಬೋರ್ಡ್ ಕೊಟ್ಟ ಲ್ಯಾಪ್‌ಟಾಪಿಗೆ ಇನ್ನೊಂದು ಕೀಬೋರ್ಡ್ ಹುಟ್ಟುವುದಿಲ್ಲ. ಸತ್ತ ಯಂತ್ರದಿಂದ ತೆಗೆದಿದ್ದರೆ ಯಾವ ಚಿಂತೆಯೂ ಇರಲಿಲ್ಲ. ಈಗ ಬದುಕಿರುವ ಒಂದನ್ನು ಮುರಿದು ಬದುಕಿರುವ ಇನ್ನೊಂದನ್ನು ನನ್ನ ಬೆರಳಿಗೆ ಹೊಂದಿಸಿಕೊಳ್ಳಬೇಕು. ಎರಡರಲ್ಲಿ ಒಂದನ್ನು ಬಳಸು, ಇನ್ನೊಂದನ್ನು ಬಿಡು ಅಂತ ಹೆಂಡತಿ ಹೇಳಿದಳು. ಸರಿಯಾದ ಮಾತೇ. ಎಕ್ಸ್220ನ್ನೇ ಮತ್ತೆ ಬಳಸಬಹುದಿತ್ತು. ಆದರೆ ದೊಡ್ಡ ಪುಸ್ತಕಗಳ ಕಡತ ತೆರೆದಾಗ ಎರಡರ ವೇಗಕ್ಕೂ ವ್ಯತ್ಯಾಸ ಇದೆ. ನನ್ನ ಎಕ್ಸ್230ರಲ್ಲಿ 16 ಜಿಬಿ ರ‍್ಯಾಮ್, ಹೊಸ ಬ್ಯಾಟರಿ, ಐದು ವರ್ಷದ ಕೆಲಸ ಎಲ್ಲ ಇದೆ. ನನ್ನ ಅನ್ನ ಅದರಲ್ಲಿದೆ. ಇದು ಸಮರ್ಥನೆ ಅಂತ ನಿಮಗೆ ಅನ್ನಿಸಿದರೆ ನಾನು ಬೇಡ ಅನ್ನುವುದಿಲ್ಲ.

ಹನ್ನೆರಡನೇ ದಿನ ರಾತ್ರಿ ಕೀಬೋರ್ಡ್ ತೆಗೆದೆ. ಸ್ಕ್ರೂ ಬಿಚ್ಚಿ, ಇಡೀ ಕೀಬೋರ್ಡನ್ನು ಪರದೆಯ ಕಡೆಗೆ ಒಂಚೂರು ತಳ್ಳಿ, ಮುಂದಿನ ಅಂಚು ಎತ್ತಿದರೆ ಎದ್ದು ಬರುತ್ತದೆ. ದೀಪದ ಕೆಳಗೆ ಹಿಡಿದು ನೋಡಿದೆ. ಯಾವ ಕೀ ಜಾಸ್ತಿ ಸವೆದಿದೆ ಅನ್ನುವುದರಲ್ಲಿ ಬಳಸಿದವರ ಗುರುತು ಇರುತ್ತದೆ. ಇದರಲ್ಲಿ ಇ, ಎ, ಸ್ಪೇಸ್ ಹೊಳೆಯುತ್ತಿದ್ದವು. ಎಡಗಡೆ ಕಂಟ್ರೋಲ್, ಸಿ, ವಿ ಇನ್ನೂ ಜಾಸ್ತಿ. ಯಾವುದೋ ಆಫೀಸಿನಲ್ಲಿ ಯಾರೋ ವರ್ಷಗಟ್ಟಲೆ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಹಾಕಿದ್ದಾರೆ. ಎಫ್ ಕೀ ಮಾತ್ರ ಹೊಸದರ ಹಾಗಿತ್ತು. ನನ್ನ ಹಾಗೆ ಕನ್ನಡ ಟೈಪ್ ಮಾಡುವವರ ಕೀಬೋರ್ಡಿನಲ್ಲಿ ಹೀಗಿರಲು ಸಾಧ್ಯವೇ ಇಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆಯಲ್ಲಿ ಒತ್ತಕ್ಷರ ಬರುವುದೇ ಎಫ್ ಕೀಯಿಂದ. ಅಕ್ಕ, ಅಮ್ಮ, ಅನ್ನ, ಎಲ್ಲಕ್ಕೂ ಎಡಗೈ ತೋರುಬೆರಳು ಅಲ್ಲಿಗೆ ಹೋಗಬೇಕು. ಬೆರಳಿಗೆ ಜಾಗ ಗೊತ್ತಾಗಲಿ ಅಂತ ಆ ಕೀ ಮೇಲೆ ಒಂದು ಸಣ್ಣ ಉಬ್ಬು ಗೆರೆ ಇರುತ್ತದಲ್ಲ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಸವೆದು ಸಪಾಟಾಗಿತ್ತು.

ಇನ್ನು ಅರ. ಎಕ್ಸ್220ರ ಕೀಬೋರ್ಡಿನ ಕೆಳ ಅಂಚಿನಲ್ಲಿ ಸಣ್ಣ ಹಲ್ಲುಗಳಿವೆ. ಅವು ಅಂಗೈ ಊರುವ ಭಾಗದ ಕೆಳಗೆ ತೂರಿ ಕೀಬೋರ್ಡನ್ನು ಹಿಡಿದಿರುತ್ತವೆ. ಎಕ್ಸ್230ರಲ್ಲಿ ಆ ಹಲ್ಲುಗಳಿಗೆ ಸರಿಯಾದ ಜಾಗ ಇಲ್ಲ. ಉಜ್ಜಿ ತೆಗೆಯಬೇಕು. ಅಲ್ಲಿಯವರೆಗೆ ಮಾಡಿದ್ದೆಲ್ಲ ವಾಪಸ್ ಮಾಡಬಹುದಾದ ಕೆಲಸ. ಬಿಚ್ಚಿದ್ದನ್ನು ಮತ್ತೆ ಹಾಕಿದರೆ ಎಕ್ಸ್220 ಮೊದಲಿನ ಹಾಗೇ ಇರುತ್ತದೆ. ಹಲ್ಲು ಉಜ್ಜಿದ ಮೇಲೆ ಈ ಕೀಬೋರ್ಡ್ ತನ್ನ ಹಳೆಯ ಮನೆಯಲ್ಲಿ ಬಿಗಿಯಾಗಿ ಕೂರುವುದಿಲ್ಲ. ಅರ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಮೊದಲನೇ ಹಲ್ಲಿಗೆ ಅರ ತಾಗಿಸಿದಾಗ ಬಂದ ಕಿರ್ ಸದ್ದು ಇನ್ನೂ ಕಿವಿಯಲ್ಲಿದೆ. ಎರಡು ಸಲ ಎಳೆದ ಮೇಲೆ ನಿಲ್ಲಿಸುವ ಮಾತು ಇರಲಿಲ್ಲ. ಒಂದೊಂದಾಗಿ ಎಲ್ಲ ಉಜ್ಜಿದೆ. ಪುಡಿಯನ್ನು ಬ್ರಷ್ಷಿನಿಂದ ಗುಡಿಸಿದೆ.

ಆಮೇಲೆ ಟೇಪ್. ಎರಡರ ಕನೆಕ್ಟರ್ ನೋಡಲು ಒಂದೇ, ಆದರೆ ಒಳಗೆ ಒಂದು ವ್ಯತ್ಯಾಸ ಇದೆ. ಎಕ್ಸ್230ಕ್ಕೆ ಕೀಗಳ ಕೆಳಗೆ ದೀಪ ಇರುವ ಕೀಬೋರ್ಡೂ ಬರುತ್ತಿತ್ತು. ಆ ದೀಪಕ್ಕೆ ಕರೆಂಟ್ ಕೊಡುವ ಪಿನ್‌ಗಳು ಹಳೆಯ ಕೀಬೋರ್ಡಿಗೆ ತಾಗಿದರೆ ಶಾರ್ಟ್ ಆಗಿ ಬೋರ್ಡ್ ಹಾಳಾಗಬಹುದು. ಆ ಪಿನ್‌ಗಳನ್ನು ಮುಚ್ಚಬೇಕು. ಕೆಲವರು ಉಗುರು ಬಣ್ಣ ಹಚ್ಚುತ್ತಾರೆ. ನಾನು ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ತಂದಿದ್ದೆ. ಬ್ಲೇಡಿನಿಂದ ದಾರದಷ್ಟು ಸಣ್ಣ ಪಟ್ಟಿ ಕತ್ತರಿಸಿ, ಚಿಮಟದಲ್ಲಿ ಹಿಡಿದು, ಭೂತಕನ್ನಡಿಯ ಕೆಳಗೆ ಪಿನ್ ಮೇಲೆ ಇಟ್ಟು ಒತ್ತಿದೆ. ಮೂರು ಸಲ ಜಾರಿತು. ನಾಲ್ಕನೇ ಸಲ ಕೂತಿತು. ನಾನೂ ಉಸಿರು ಹಿಡಿದಿದ್ದೆ ಅನ್ನುವುದು ಕೂತ ಮೇಲೆ ಗೊತ್ತಾಯಿತು.

ಕೊನೆಯದ್ದು ಸಾಫ್ಟ್‌ವೇರ್ ಕೆಲಸ. ಕೀಬೋರ್ಡ್ ಕೂತರೂ ಕೆಲವು ಕೀಗಳು ತಪ್ಪು ಕೆಲಸ ಮಾಡುತ್ತವೆ. ಯಾವ ಕೀ ಒತ್ತಿದರು ಅಂತ ಮೊದಲು ಕೇಳಿಸಿಕೊಳ್ಳುವುದು ಇಸಿ ಅನ್ನುವ ಒಂದು ಪುಟ್ಟ ಚಿಪ್. ಫ್ಯಾನ್, ಬ್ಯಾಟರಿ ನೋಡಿಕೊಳ್ಳುವುದೂ ಅದೇ. ಅದಕ್ಕೆ ಗೊತ್ತಿರುವುದು ಆರು ಸಾಲಿನ ಭಾಷೆ. ಏಳು ಸಾಲಿನ ಭಾಷೆ ಕಲಿಸಲು ಗಿಟ್‌ಹಬ್ ಅನ್ನುವ ಜಾಲತಾಣದಲ್ಲಿ ಥಿಂಕ್‌ಪ್ಯಾಡ್-ಇಸಿ ಅನ್ನುವ ಮುಕ್ತ ಯೋಜನೆ ಇದೆ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಮೊದಲು ಓಡುವ ಬಯಾಸ್ ಅನ್ನುವ ಸಾಫ್ಟ್‌ವೇರ್ ತೀರಾ ಹೊಸದಾಗಿದ್ದರೆ ಆಗುವುದಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಬೇಕು. ನನ್ನದು ಹಳೆಯದೇ ಇತ್ತು. ಬ್ಯಾಟರಿ ತುಂಬಿಸಿ, ಚಾರ್ಜರ್ ಚುಚ್ಚಿ, ಪೆನ್‌ಡ್ರೈವಿನಿಂದ ಬೂಟ್ ಮಾಡಿ ಹಾಕಿದೆ. ಮತ್ತೆ ಆನ್ ಮಾಡಿ ಒಂದು ಖಾಲಿ ಕಡತ ತೆರೆದು 'ಸ್ತ್ರೀ' ಅಂತ ಟೈಪ್ ಮಾಡಿದೆ. ಹೋಮ್ ಒತ್ತಿದೆ. ಕಿರುಬೆರಳು ತಾನಾಗಿ ಮೇಲೆ ಹೋಗಿ ಡಿಲೀಟ್ ಒತ್ತಿತು. ಆವತ್ತಿನ ಖುಷಿಯನ್ನು ನಾನು ಮುಚ್ಚಿಡುವುದಿಲ್ಲ. ಬಹಳ ದಿನದ ಮೇಲೆ ಊರಿನ ಮನೆಯಲ್ಲಿ ಕತ್ತಲಲ್ಲೇ ನಡೆದು ಹೋಗಿ ಲೈಟಿನ ಸ್ವಿಚ್ ಹಾಕಿದ ಹಾಗಾಯಿತು.

ಬಿಲ್ಲೆ ಬ್ಯಾಟರಿ

ಪರದೆ ತೆಗೆಯಲಿಲ್ಲ. ತೆಗೆದಿದ್ದರೆ ನನ್ನ ಕಣ್ಣಿಗೆ ಒಳ್ಳೆಯದೇ ಆಗುತ್ತಿತ್ತು. ಎಷ್ಟೋ ಸಲ ಸಂಜೆ ಹೊತ್ತು ನನ್ನ ಮಂಕು ಪರದೆ ನೋಡುವಾಗ ಆ ಪರದೆ ನೆನಪಾಗುತ್ತದೆ. ಆದರೆ ಕೀಬೋರ್ಡ್ ಇಲ್ಲದ ಲ್ಯಾಪ್‌ಟಾಪಿಗೆ ಇನ್ನೊಂದು ಕೀಬೋರ್ಡ್ ಹಾಕಬಹುದು, ಪರದೆಯೂ ಹೋದರೆ ಅದು ನಿಜವಾಗಿ ಪೇರಿಕೆಗೆ ಸೇರುವ ವಸ್ತು ಆಗಿಬಿಡುತ್ತದೆ. ಮುಂದಿನ ಶನಿವಾರ ಅದೇ ಮಹಡಿ ಹತ್ತಿದೆ. ಚಹಾ ಚೆಲ್ಲಿದ ಕಲೆಯ ಆ ಕೀಬೋರ್ಡ್ ಇನ್ನೂ ಅಲ್ಲೇ ಇತ್ತು. 300 ರೂಪಾಯಿಗೆ ಕೊಟ್ಟರು. "ಅದು ಡೆಡ್ ಆಗಿರಲಿಲ್ಲ, ರ‍್ಯಾಮ್ ಅಷ್ಟೆ" ಅಂತ ಹೇಳಿದೆ. ಮಾಲೀಕರು ನಕ್ಕು, ಕಿಟಕಿ ಹತ್ತಿರದ ಹುಡುಗನಿಗೆ ಹೇಳಿದರು. ಅವನು ತಲೆ ಎತ್ತಿ ನನ್ನನ್ನು ನೋಡಿ, "ರಬ್ಬರಾ ಸಾರ್?" ಅಂದ. ಹೌದು ಅಂದೆ.

ಆ ಕೀಬೋರ್ಡಿನಲ್ಲಿ ಎನ್ ಮತ್ತು ಮೇಲ್ಬಾಣ ಕೆಲಸ ಮಾಡುವುದಿಲ್ಲ. ಉಳಿದದ್ದು ಮಾಡುತ್ತದೆ. ಹಾಕಿದೆ. ಡ್ರಾಯರಿನಲ್ಲಿದ್ದ 128 ಜಿಬಿಯ ಹಳೆಯ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಇಳಿಸಿದೆ. ಒಂದು ಯುಎಸ್‌ಬಿ ಕೀಬೋರ್ಡ್ ಜೊತೆ ದೀಪಾವಳಿಗೆ ಊರಿಗೆ ಹೋದಾಗ ತಂಗಿಯ ಮಗನಿಗೆ ಕೊಟ್ಟೆ. ಒಂಬತ್ತನೇ ಕ್ಲಾಸು. ಇದಕ್ಕೆ ಒಳಗೊಂದು ಕೀಬೋರ್ಡ್ ಇರುವಾಗ ಹೊರಗೊಂದು ಯಾಕೆ ಅಂತ ಕೇಳಿದ. ಒಳಗಿನದ್ದು ಒಳ್ಳೆಯದಿತ್ತು, ಅದನ್ನು ನಾನು ತೆಗೆದುಕೊಂಡೆ ಅಂದೆ. ಅವನಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಆಗಲೇ ಅದರ ಕೆಂಪು ಗುಂಡಿ ಒತ್ತಿ ಬಾಣ ಓಡಿಸುತ್ತಿದ್ದ.

ಹೋದ ತಿಂಗಳು ಫೋನ್ ಮಾಡಿದ್ದ. ಲ್ಯಾಪ್‌ಟಾಪಿಗೆ ಬ್ಯಾಟರಿ ಇಲ್ಲ, ಅವರ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುತ್ತಾ ಬರುತ್ತಾ ಇರುತ್ತದೆ. ಪ್ರತಿ ಸಲ ಆನ್ ಮಾಡಿದಾಗಲೂ ಬೀಪ್ ಅಂತ ಹೊಡೆದುಕೊಂಡು ತಾರೀಖು ಕೇಳುತ್ತದಂತೆ. ಬಿಲ್ಲೆ ಬ್ಯಾಟರಿ ಬದಲಾಯಿಸುವುದು ನಾನು ಮರೆತಿದ್ದೆ. ವೈರ್ ಇರುವ ಸಿಆರ್2032 ಒಂದನ್ನು ಕೊರಿಯರ್ ಮಾಡಿದೆ. ವಿಡಿಯೊ ಕಾಲ್‌ನಲ್ಲಿ ಹೇಳಿಕೊಡುತ್ತೇನೆ, ನಾನು ಹೇಳುವವರೆಗೆ ಬಿಚ್ಚಬೇಡ ಅಂದಿದ್ದೆ. ಕೇಳಲಿಲ್ಲ. ಬೆನ್ನಿನ ಮೇಲಿದ್ದ ಪುಟ್ಟ ಚಿತ್ರ ನೋಡಿಕೊಂಡು ತಾನೇ ಬಿಚ್ಚಿದ್ದಾನೆ. ರಾತ್ರಿ ಒಂದು ಫೋಟೊ ಕಳಿಸಿದ. ತಂಗಿಯ ಮನೆಯ ಇಡ್ಲಿ ತಟ್ಟೆ ಅಲ್ಲ, ಚನ್ನೆಮಣೆ. ಒಂದೊಂದು ಗುಳಿಯಲ್ಲಿ ಒಂದೊಂದು ಜಾತಿಯ ಸ್ಕ್ರೂ. ಅದರ ಹಿಂದೆ ಲ್ಯಾಪ್‌ಟಾಪಿನ ಪರದೆ, ಓರೆಯಾಗಿ ಹಿಡಿದು ತೆಗೆದಿದ್ದರೂ ಬಣ್ಣ ಚೂರೂ ಕದಡಿರಲಿಲ್ಲ. ಕೆಳಗೆ ಮೂಲೆಯಲ್ಲಿ ಗಡಿಯಾರ ಒಂಬತ್ತೂ ನಲವತ್ತು ತೋರಿಸುತ್ತಿತ್ತು. ನನ್ನ ಗಡಿಯಾರ ನೋಡಿದೆ. ಒಂಬತ್ತೂ ನಲವತ್ತೊಂದು.